ಹನಿ ಇಡುವ ಕೊಕ್ಕರೆ

೩ ಫೆಬ್ರವರಿ

ಅಕ್ಕಾ,

ಈ ಕಾಗದ ಬರೆಯುವ ಶಿಕ್ಷೆ ಅಮ್ಮ ಹಾಕಿದ್ದು, ನಾನಲ್ಲ. ಮೊನ್ನೆ ಫೋನಿನಲ್ಲಿ ನಾವಿಬ್ಬರೂ ಕಿತ್ತಾಡಿದ್ದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡು ಬಂದು, "ನೀವಿಬ್ರೂ ಬಾಯಿ ತೆಗೆದ್ರೆ ಜಗಳ. ಇನ್ನು ಈ ವಿಷಯ ಫೋನಲ್ಲಿ ಬೇಡ, ಏನಿದ್ರೂ ಬರೆದು ಕಳಿಸ್ಕೊಳ್ಳಿ. ಬರೆಯೋಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತೆ" ಅಂದಳು. ಒಂದು ಪುಟ ಬರೆದು ಹರಿದೆ. ಇದು ಎರಡನೆಯದು. ಸಿಟ್ಟು ಇಳಿದಿಲ್ಲ.

ಯಾಕೆ ಇಳಿಯಬೇಕು? ಆಸ್ಪತ್ರೆಯ ಲ್ಯಾಬಿನಲ್ಲಿ ಇಷ್ಟು ವರ್ಷ ಹನಿ ಅಳೆದು ಇಡುವ ಪಿಪೆಟ್ಟಿನ ತಲೆ ಒತ್ತಿ ಒತ್ತಿ ನಿನ್ನ ಹೆಬ್ಬೆರಳು ಕೆಟ್ಟಿದೆ. ವಿಶ್ರಾಂತಿ ಕೊಡಲೇಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ನಿಮ್ಮ ಮೇಡಂ ಜೂನ್ ಒಂದರಿಂದ ನಿನ್ನನ್ನು ಸ್ಯಾಂಪಲ್ ತೆಗೆದುಕೊಳ್ಳುವ ಕೌಂಟರಿಗೆ ಹಾಕುತ್ತಾರಂತೆ. ನೀನು ಬಾಯಿ ಮುಚ್ಚಿಕೊಂಡು "ಸರಿ" ಅಂದೆಯಂತೆ. ನೀನು! ನಾನು ಚಿಕ್ಕವಳಿದ್ದಾಗ ನನಗೆ ಔಷಧಿ ಕುಡಿಸುವಾಗಲೂ ಚಮಚವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದವಳು. ಆ ಮೇಜು ಬಿಟ್ಟರೆ ನೀನು ಬದುಕುವುದು ನನಗೆ ಊಹಿಸಲಿಕ್ಕೂ ಆಗುವುದಿಲ್ಲ.

ಅದಕ್ಕೇ ನಾನು ಮೆಷಿನ್ ಮಾಡಿಕೊಡ್ತೀನಿ ಅಂದಿದ್ದು. "ನಿನ್ನ ಕಸೂತಿ ಮೆಷಿನ್ ತಂದು ನನ್ನ ಪ್ಲೇಟಲ್ಲಿ ಹೂಬಳ್ಳಿ ಹಾಕ್ತೀಯಾ?" ಎಂದು ನೀನು ಫೋನ್ ಕುಕ್ಕಿದೆ. ನಗು, ನಗು. ನಾನು ದಿನವೂ ರಿಪೇರಿ ಮಾಡುವ ಕಸೂತಿ ಮೆಷಿನ್ ಏನು ಮಾಡುತ್ತದೆ ಗೊತ್ತಾ? ಹೇಳಿದ ಜಾಗಕ್ಕೆ ಹೋಗಿ, ಹೇಳಿದಷ್ಟು ಆಳ ಇಳಿದು, ಮೇಲೆ ಬಂದು, ಮುಂದಿನ ಜಾಗಕ್ಕೆ ಹೋಗುತ್ತದೆ. ನೀನು ಮಾಡುವುದೂ ಅದೇ ಅಲ್ಲವಾ? ಸೂಜಿ ತೆಗೆದು ಪಿಪೆಟ್ ಕೂರಿಸಿದರೆ ಆಯಿತು. ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಹಳೆಯ ಮೆಷಿನ್ ಧೂಳು ತಿನ್ನುತ್ತಾ ಬಿದ್ದಿದೆ. ಮಾಲೀಕರು "ತಗೊಂಡು ಹೋಗಮ್ಮ, ಜಾಗ ಖಾಲಿ ಆಗುತ್ತೆ" ಅಂದುಬಿಟ್ಟಿದ್ದಾರೆ.

ನಿನ್ನ ಕೆಲಸ ಏನು, ಹೇಗೆ ಎಂದು ನನ್ನಂಥ ದಡ್ಡಿಗೆ ಅರ್ಥ ಆಗುವ ಹಾಗೆ ಬರೆ. ಉಳಿದದ್ದು ನನಗೆ ಬಿಡು.

ಸಿಟ್ಟಿನಿಂದಲೇ,
ನಿನ್ನ ತರಲೆ

೧೨ ಫೆಬ್ರವರಿ

ತರಲೇ,

ಸೂಜಿ ತೆಗೆದು ಪಿಪೆಟ್ ಕೂರಿಸಿದರೆ ಆಯಿತಂತೆ! ನಿನ್ನ ಧೈರ್ಯಕ್ಕೆ ಏನು ಹೇಳಲಿ.

ಸರಿ, ಕೇಳು. ರೋಗಿಯ ರಕ್ತದಲ್ಲೋ ಗಂಟಲಿನಲ್ಲೋ ಯಾವ ರೋಗಾಣು ಇದೆ ಎಂದು ಹುಡುಕುವುದು ನಮ್ಮ ಕೆಲಸ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ ತೊಂಬತ್ತಾರು ಪುಟ್ಟ ಕುಳಿಗಳು. ಒಂದೊಂದು ಕುಳಿಗೂ ಎರಡು ಮೈಕ್ರೋಲೀಟರ್ ಹನಿ ಇಡಬೇಕು. ಎಷ್ಟು ಅಂದರೆ, ಒಂದು ಸಾಸಿವೆ ಕಾಳಿನಷ್ಟು. ಪ್ರತಿ ಸಲ ಪಿಪೆಟ್ಟಿನ ತುದಿಗೆ ಹೊಸ ಟಿಪ್, ಅಂದರೆ ಸಣ್ಣ ಪ್ಲಾಸ್ಟಿಕ್ ಮೂತಿ. ಎಲ್ಲ ಇಟ್ಟ ಮೇಲೆ ಪ್ಲೇಟನ್ನು ಯಂತ್ರಕ್ಕೆ ಹಾಕುತ್ತೇವೆ. ರೋಗಾಣು ಇದ್ದರೆ ಪರದೆಯ ಮೇಲೆ ಗೆರೆ ಏಳುತ್ತದೆ. ಜಾಸ್ತಿ ಇದ್ದರೆ ಬೇಗ, ಕಡಿಮೆ ಇದ್ದರೆ ತಡವಾಗಿ. ನಾವು ಇಟ್ಟ ಹನಿ ಕಡಿಮೆಯಾದರೂ ಗೆರೆ ತಡವಾಗುತ್ತದೆ. ಆದ್ದರಿಂದ ಎಲ್ಲ ಹನಿಯೂ ಒಂದೇ ಸಮ ಇರಬೇಕು. ಅಷ್ಟೇ ನನ್ನ ವಿದ್ಯೆ.

ಪಿಪೆಟ್ಟಿನ ತಲೆ ಒತ್ತಿದಾಗ ಎರಡು ತಡೆ ಸಿಗುತ್ತವೆ. ಮೊದಲನೆಯದಕ್ಕೆ ಹನಿ ಇಳಿಯುತ್ತದೆ. ಎರಡನೆಯದು ಗಟ್ಟಿ, ಉಳಿದ ಚೂರನ್ನು ಊದಿ ತಳ್ಳುತ್ತದೆ. ನೀರಾದರೆ ಮಕ್ಕಳಾಟ. ಆದರೆ ಪರೀಕ್ಷೆಗೆ ಹಾಕುವ ಎನ್‌ಜೈಮ್ ಜೇನಿನ ಹಾಗೆ ಮಂದ. ಟಿಪ್ಪಿಗೆ ಅಂಟಿಕೊಂಡು ಬರಲ್ಲ ಅಂತ ಹಟ ಮಾಡುತ್ತದೆ, ನಿನ್ನ ಹಾಗೆ.

ಇಂಥ ಮೆಷಿನ್‌ಗಳು ಇಲ್ಲ ಅಂತಲ್ಲ. ದೊಡ್ಡ ಲ್ಯಾಬುಗಳಲ್ಲಿ ಅರ್ಧ ಕೋಣೆ ತುಂಬುವಂಥವು ಇವೆ. ದಿನವಿಡೀ ಒಂದೇ ಪರೀಕ್ಷೆ ಮಾಡುವವರಿಗೆ ಅವು ಸರಿ. ನಮ್ಮದು ಇವತ್ತು ಹತ್ತು ಇದು, ನಾಳೆ ಇಪ್ಪತ್ತು ಅದು. ಅಷ್ಟಕ್ಕೆ ಅವನ್ನು ಎಬ್ಬಿಸಿ ಕೂರಿಸುವುದರೊಳಗೆ ನನ್ನ ಕೈ ಮುಗಿಸಿರುತ್ತದೆ.

ನಿನ್ನ ಬಾಯಿ ಮುಚ್ಚಿಸಲು ಮೇಡಂ ಹತ್ತಿರ ಕೇಳಿದೆ. ಅವರು ನಕ್ಕು ಬಿಡುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಅದು ನಿಮ್ಮ ಕೈಗೆ ಸಮ ಹನಿ ಇಟ್ಟರೆ ನಿಮ್ಮ ಮೇಜಿನ ಮೇಲೇ ಕೂತ್ಕೊಳ್ಲಿ, ನೀವು ಅದರ ಪಕ್ಕ ಕೂತ್ಕೊಳ್ಳಿ. ನಿಮ್ಮ ಕೈಗಿಂತ ಒಳ್ಳೆ ಅಳತೆಗೋಲು ನಮ್ಮ ಹತ್ರ ಬೇರೆ ಇಲ್ಲ. ಆದ್ರೆ ಮೇ ಮುಗಿಯೋದ್ರೊಳಗೆ ಆಗ್ಬೇಕು" ಅಂದರು. ಆಗಲಿಲ್ಲ ಅಂದರೆ ಕೌಂಟರು. ಅಳತೆಗೋಲು ಅನ್ನಿಸಿಕೊಂಡು ನಾನು ಆ ಮಧ್ಯಾಹ್ನವೆಲ್ಲ ಸ್ವಲ್ಪ ಎತ್ತರವಾಗಿಯೇ ನಡೆದಾಡಿದೆ ಅನ್ನು.

ಹಳೆಯ ಪಿಪೆಟ್, ಟಿಪ್ಪಿನ ಡಬ್ಬಿ, ನಾಲ್ಕು ಪ್ಲೇಟು ಇದರ ಜೊತೆ ಇವೆ. ನನ್ನ ಕೈ ಕೆಲಸದ ವಿಡಿಯೋ ಬೇಕು ಅಂದಿದ್ದೆಯಂತೆ ಅಮ್ಮನ ಹತ್ತಿರ. ನನ್ನ ಜೂನಿಯರ್ ಚೂಟಿಯ ಕೈಲಿ ತೆಗೆಸಿ ಕಳಿಸುತ್ತೇನೆ.

ನಂಬಿಕೆ ಇಲ್ಲದೆ, ಆದರೂ ಕಾಯುತ್ತಾ,
ಅಕ್ಕ

೮ ಮಾರ್ಚ್

ಅಕ್ಕಾ ಅಕ್ಕಾ ಅಕ್ಕಾ,

ಹನಿ ಬಿತ್ತು! ಮೆಷಿನ್ ತಾನಾಗಿ ಹೋಗಿ, ಬಟ್ಟಲಿಗೆ ಮೂತಿ ಇಳಿಸಿ, ನೀಲಿ ನೀರು ಹೀರಿ, ಪ್ಲೇಟಿನ ಮೊದಲ ಕುಳಿಗೆ ಬಂದು ಹನಿ ಇಟ್ಟಿತು. ನಾನು ಕಿರುಚಿದ್ದಕ್ಕೆ ಮಾಲೀಕರು ಕೈಗೆ ಕರೆಂಟ್ ಹೊಡೀತೇನೋ ಅಂತ ಮೇನ್ ಸ್ವಿಚ್ ಆರಿಸಿಬಿಟ್ಟರು. ಪುಣ್ಯಾತ್ಮ! ಎಲ್ಲ ಮತ್ತೆ ಮೊದಲಿಂದ. ಎರಡನೆಯ ಸಲವೂ ಬಿತ್ತು. ಆಮೇಲೆ ವರ್ಕ್‌ಶಾಪಿನ ಎಲ್ಲರೂ ಹೊಲಿಗೆ ಬಿಟ್ಟು ಬಂದು ಸುತ್ತ ನಿಂತರು.

ಉದ್ದ ಮೂತಿ ಅದ್ದಿ ಅದ್ದಿ ತೆಗೆಯುವುದು ನೋಡಿ ಯಾರೋ "ಕೊಕ್ಕರೆ" ಅಂದರು. ಅದೇ ಹೆಸರು ನಿಂತಿತು.

ಆದರೆ ಈಗ ಒಂದು ಪೀಡೆ ಗಂಟುಬಿದ್ದಿದೆ. ಹನಿ ಸರಿ ಇದೆಯಾ ನೋಡಲು ಆಭರಣದಂಗಡಿಯವರ ಸೂಕ್ಷ್ಮ ತಕ್ಕಡಿ ಸಾಲ ತಂದೆ. ಹನಿಯನ್ನು ತಟ್ಟೆಯಲ್ಲಿಟ್ಟು ಅಂಕಿ ನೋಡುತ್ತೇನೆ, ಪೆನ್ನು ಎತ್ತಿಕೊಳ್ಳುತ್ತೇನೆ, ಬರೆಯುವಷ್ಟರಲ್ಲಿ ಅಂಕಿ ಇಳಿದಿರುತ್ತದೆ. ಮತ್ತೆ ನೋಡಿದರೆ ಇನ್ನೂ ಕಡಿಮೆ. ಕೊಕ್ಕರೆ ಸೋರುತ್ತಿದೆ ಅಂದುಕೊಂಡು ಸ್ಕ್ರೂ ಎಲ್ಲ ಬಿಚ್ಚಿ ಜೋಡಿಸಿದೆ. ಮತ್ತೂ ಅದೇ ಕಥೆ. ತಕ್ಕಡಿಗೆ ದೆವ್ವ ಹಿಡಿದಿದೆ ಅಂತ ಅಂಗಡಿಯವರಿಗೆ ವಾಪಸ್ ಕೊಡಲು ಹೊರಟಿದ್ದೇನೆ.

ತಲೆ ಕೆಟ್ಟವಳು,
ತರಲೆ

೧೪ ಮಾರ್ಚ್

ಎಲೇ ಪೆದ್ದಿ,

ತಕ್ಕಡಿ ವಾಪಸ್ ಕೊಡಬೇಡ. ಹನಿ ಒಣಗುತ್ತಿದೆ!

ನಿನ್ನ ಕಾಗದವನ್ನು ಲ್ಯಾಬಿನಲ್ಲಿ ಓದಿ ಹೇಳಿದೆ. ಚೂಟಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಸಾಸಿವೆ ಕಾಳಿನಷ್ಟು ನೀರನ್ನು ಬಯಲಲ್ಲಿ ಇಟ್ಟು, ಮೇಲೆ ಫ್ಯಾನೂ ಹಾಕಿಕೊಂಡು, ಪೆನ್ನು ಹುಡುಕುತ್ತಾ ಕೂತರೆ ಅದು ಕಾಯುತ್ತದಾ? ಫ್ಯಾನ್ ಆರಿಸು. ತಕ್ಕಡಿಗೆ ಒಂದು ಮುಚ್ಚಿದ ಪೆಟ್ಟಿಗೆ ಮಾಡು, ಒಳಗೆ ಒಂದು ಬಟ್ಟಲು ನೀರಿಡು. ಗಾಳಿ ತೇವವಾಗಿದ್ದರೆ ಹನಿಯೂ ಸಮಾಧಾನವಾಗಿರುತ್ತದೆ. ಒಂದೊಂದೇ ತೂಗಬೇಡ, ಹತ್ತು ಹನಿ ಒಟ್ಟಿಗೆ ಇಟ್ಟು ತೂಗಿ ಹತ್ತರಿಂದ ಭಾಗಿಸು.

ಹನಿ ಬಿತ್ತು ಅಂತ ಓದಿದಾಗ ನನಗೂ ಮೈ ಝುಂ ಅಂತು. ಇದನ್ನು ಅಮ್ಮನಿಗೆ ಹೇಳಬೇಡ.

ನಗು ನಿಲ್ಲದ,
ಅಕ್ಕ

೧೦ ಏಪ್ರಿಲ್

ಅಕ್ಕಾ,

ಹತ್ತು ಹನಿ, ಮತ್ತೆ ಹತ್ತು, ಮತ್ತೆ ಹತ್ತು. ಎಲ್ಲ ಒಂದೇ ತೂಕ! ಕೊಕ್ಕರೆ ಪ್ಲೇಟು ತುಂಬಿಸುವುದನ್ನು ನೋಡುತ್ತಾ ನನಗೆ ಊಟ ತಿಂಡಿ ಮರೆತುಹೋಗುತ್ತಿದೆ. ಪೂರ್ತಿ ನೀಲಿ ಸಾಲುಗಳು, ಒಂದಕ್ಕಿಂತ ಒಂದು ಚೆಂದ. ನೀನು ಇದ್ದಿದ್ದರೆ ಕುಣಿಯುತ್ತಿದ್ದೆ. ಕುಣಿಯಲ್ಲ ಅಂತ ಗೊತ್ತು, ಆದರೂ.

ಇದೆಲ್ಲ ನೀರಿನ ಆಟ. ನಿನ್ನ ಹಟಮಾರಿ ಎನ್‌ಜೈಮಿಗೆ ನಿನ್ನ ಕೈಯೇ ಬೇಕು. ಅದಕ್ಕೆ ನಿನ್ನ ವಿಡಿಯೋ ಹಾಕಿಕೊಂಡು, ಒಂದೊಂದು ಚಿತ್ರ ನಿಲ್ಲಿಸಿ ನಿಲ್ಲಿಸಿ, ನಿನ್ನ ಹೆಬ್ಬೆರಳು ಎಲ್ಲಿ ಎಷ್ಟು ಇಳಿಯಿತು ಎಂದು ಅಳೆದು ಕೊಕ್ಕರೆಗೆ ಹೇಳಿಕೊಟ್ಟಿದ್ದೇನೆ. ನಿಧಾನ ಹೀರುವುದು, ಟಿಪ್ಪನ್ನು ಕುಳಿಯ ಗೋಡೆಗೆ ಸವರುವುದು, ಎಲ್ಲ ಬಂತು. ಒಂದು ಮಾತ್ರ ನೀನು ಹೇಳಿರಲೇ ಇಲ್ಲ, ಕಳ್ಳಿ. ಮೊದಲ ತಡೆ ಆದ ಮೇಲೆ, ಎರಡನೆಯದಕ್ಕೆ ಒತ್ತುವ ಮುಂಚೆ, ನಿನ್ನ ಹೆಬ್ಬೆರಳು ಒಂದು ಗಳಿಗೆ ನಿಂತು, ಕೂದಲೆಳೆಯಷ್ಟು ಮೇಲೆ ಬಂದು, ಆಮೇಲೆ ಕೆಳಗೆ ಹೋಗುತ್ತದೆ. ಪ್ರತಿ ಸಲವೂ! ಅದೇ ನಿನ್ನ ಗುಟ್ಟು ತಾನೇ? ಅದನ್ನೂ ಹಾಗೇ ಹಾಕಿದ್ದೇನೆ. ಈಗ ಕೊಕ್ಕರೆಯೂ ನಿಂತು, ಚೂರು ಏರಿ, ಇಳಿಯುತ್ತದೆ. ಅಮ್ಮ ನೋಡಿ, "ಅಯ್ಯೋ, ಇದು ಅವಳ ಕೈಯೇ ಕಣೇ" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಹಿಗ್ಗಿ ಹೀರೇಕಾಯಿ ಆಗಿರುವ,
ತರಲೆ

೧೮ ಏಪ್ರಿಲ್

ತರಲೇ,

ಅದು ಯಾರೂ ಹೇಳಿಕೊಟ್ಟದ್ದಲ್ಲ. ತಾನಾಗಿ ಕೈಗೆ ಬಂದದ್ದು. ಮಂದ ದ್ರವ ಇಳಿಯಲಿ ಅಂತ ಕೈಯೇ ಕಾಯುತ್ತದೆ ಅಂತ ಕಾಣುತ್ತದೆ. ಹೊಸಬರು ನನ್ನ ಪಕ್ಕ ನಿಂತು ಅದನ್ನು ಕಲಿಯಲು ನೋಡುತ್ತಾರೆ. ಚೂಟಿಗೆ ಮಾತ್ರ ಇನ್ನೂ ಬಂದಿಲ್ಲ, ಅವಳದು ಸೀದಾ ಒತ್ತುವ ಒರಟು ಕೈ. ನೀನು ಅಷ್ಟು ಸೂಕ್ಷ್ಮ ಹಿಡಿದೆಯಲ್ಲ, ಶಭಾಷ್. ಇನ್ನು ತಡ ಮಾಡಬೇಡ, ಮೇ ಮೊದಲ ವಾರದಲ್ಲಿ ಅದನ್ನು ಎತ್ತಿಕೊಂಡು ಬಂದುಬಿಡು. ಮೇಜಿನ ಅರ್ಧ ಭಾಗ ಖಾಲಿ ಮಾಡಿದ್ದೇನೆ.

ಬೆರಳು ಮಡಿಸುತ್ತಾ ದಿನ ಎಣಿಸುವ,
ಅಕ್ಕ

೧೩ ಮೇ

ಅಕ್ಕಾ,

ಕೊಕ್ಕರೆಯನ್ನು ನಿನ್ನ ಮೇಜಿನ ಮೇಲೆ ಬಿಟ್ಟು ಮನೆ ತಲುಪಿದೆ. ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಕಥೆ ಹೇಳಿ, ಮನೆಗೆ ಬಂದು ಅಮ್ಮನಿಗೆ ಹೇಳಿ, ಈಗ ನಿನಗೇ ಮತ್ತೆ ಹೇಳುತ್ತಿದ್ದೇನೆ. ತಡೆಯಲು ಆಗುತ್ತಿಲ್ಲ.

ಒಂದೇ ಸ್ಯಾಂಪಲ್, ಒಂದೇ ಪ್ಲೇಟು. ಎನ್‌ಜೈಮ್ ಒಂದು ಸಾಲಿಗೆ ನೀನು ಇಟ್ಟದ್ದು, ಒಂದಕ್ಕೆ ಕೊಕ್ಕರೆ, ಒಂದಕ್ಕೆ ಚೂಟಿ. ಪರದೆ ಖಾಲಿ, ಖಾಲಿ, ಖಾಲಿ. ಆಮೇಲೆ ಗೆರೆಗಳು ಎದ್ದವು ನೋಡು! ನಿನ್ನವೂ ಕೊಕ್ಕರೆಯವೂ ಒಂದರ ಮೇಲೊಂದು, ಬಿಡಿಸಲಾಗದ ಹಾಗೆ. ಮೇಡಂ ಕನ್ನಡಕ ಏರಿಸಿ, "ಯಾವುದು ಯಾರದ್ದು ಅಂತ ಬಣ್ಣ ನೋಡದೆ ಹೇಳಕ್ಕಾಗಲ್ವಲ್ರೀ" ಅಂದರು. ಕೊಕ್ಕರೆ ಪಾಸ್ ಅಂತ ಅಲ್ಲೇ ಹೇಳಿದರು. ಪಾಪ ಚೂಟಿಯ ಸಾಲು ಮಾತ್ರ ಮುಂಚೆಯೇ ಎದ್ದು ಕೂತಿತ್ತು. "ಹನಿ ಜಾಸ್ತಿ ಹಾಕಿದೀಯ, ಎಷ್ಟು ಸಲ ಹೇಳ್ಬೇಕು ನಿಂಗೆ?" ಅಂತ ನೀನು ಗದರಿದೆ. ಅವಳ ಮುಖ ಸಣ್ಣಗಾಯಿತು. ಆ ಸಡಗರದಲ್ಲಿ ಯಾರು ಗಮನಿಸುತ್ತಾರೆ.

ಕೌಂಟರಿಗೆ ಇನ್ನು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ. ನನ್ನ ಅಕ್ಕ ಅವಳ ಮೇಜಿನ ಮುಂದೆ ಕೂತಿರುತ್ತಾಳೆ.

ನೆಲದ ಮೇಲೆ ಕಾಲು ನಿಲ್ಲದ,
ತರಲೆ

೨೦ ಮೇ

ತಂಗೀ,

ಕೂತುಕೊಂಡು ಓದು.

ನೀನು ಹೋದ ಮಾರನೆಯ ದಿನ ಕೊಕ್ಕರೆಗೆ ಎನ್‌ಜೈಮ್ ಕೊಟ್ಟು, ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಕೆಲಸ ನಡೆಯುತ್ತಿರುವಾಗ ನನ್ನ ಕೈ ಖಾಲಿ ಇದ್ದದ್ದು ಅದೇ ಮೊದಲು. ಕೊಕ್ಕರೆ ಹೀರಿತು, ಬಂತು, ಇಳಿಯಿತು, ನಿಂತಿತು, ಚೂರು ಮೇಲೆ ಬಂತು. ಅದು ನಿಂತಾಗ ನನ್ನ ಹೆಬ್ಬೆರಳಿನ ಬುಡ ಚಳಕ್ ಅಂತು. ನಾನು ಏನನ್ನೂ ಒತ್ತಿರಲಿಲ್ಲ. ಮುಂದಿನ ಕುಳಿಯಲ್ಲಿ ಮತ್ತೆ ನಿಂತಿತು, ನನ್ನ ಬೆರಳು ಮತ್ತೆ ಹಿಂದಕ್ಕೆ ಸರಿಯಿತು. ಕಾಲುಭಾಗ ಪ್ಲೇಟು ಮುಗಿಯುವುದರೊಳಗೆ ನನಗೆ ತಿಳಿದುಹೋಯಿತು. ಅದು ಗುಟ್ಟೂ ಅಲ್ಲ, ವಿದ್ಯೆಯೂ ಅಲ್ಲ ಕಣೇ. ನೋವು. ಎರಡನೆಯ ತಡೆ ಗಟ್ಟಿ ಅಂದಿದ್ದೆನಲ್ಲ, ಅಲ್ಲಿ ನೋಯುತ್ತದೆ ಅಂತ ಬೆರಳು ಹೆದರಿ ಹಿಂದೆ ಬರುತ್ತದೆ. ಯಾವಾಗ ಶುರುವಾಯಿತೋ ಗೊತ್ತಿಲ್ಲ. ಅದನ್ನು ನಾನು ಕೈಚಳಕ ಅಂದುಕೊಂಡು ಬೀಗುತ್ತಿದ್ದೆ.

ಟಿಪ್ಪನ್ನು ಲೆನ್ಸಿನಲ್ಲಿ ನೋಡಿದೆ. ಹಾಗೆ ಹಿಂದೆ ಬಂದಾಗ ಒಂದು ಗುಳ್ಳೆ ಹುಟ್ಟುತ್ತದೆ, ಅದರ ಜೊತೆ ಒಂದಿಷ್ಟು ಎನ್‌ಜೈಮ್ ಟಿಪ್ಪಿನಲ್ಲೇ ಅಂಟಿ ಉಳಿಯುತ್ತದೆ. ನೀರಿನಲ್ಲಿ ಹೀಗಾಗುವುದಿಲ್ಲ, ಅದಕ್ಕೇ ನಿನ್ನ ತಕ್ಕಡಿಗೆ ಸಿಗಲಿಲ್ಲ. ಎನ್‌ಜೈಮನ್ನೇ ತೂಗಿದೆ. ನನ್ನ ಹನಿ ಕಡಿಮೆ, ಕೊಕ್ಕರೆಯದು ಅಷ್ಟೇ ಕಡಿಮೆ. ನನ್ನ ಹತ್ತಿರ ಬೈಸಿಕೊಂಡ ಚೂಟಿಯದು ಸರಿಯಾಗಿತ್ತು.

ಸುಮ್ಮನಿದ್ದರೆ ನಡೆಯುತ್ತಿತ್ತು. ನನ್ನ ಕೈಗೆ ಸಮ ಬರಬೇಕು ಅಂತ ತಾನೇ ಷರತ್ತು? ಸಮ ಬಂದಿದೆ. ನಿಜ ಹೇಳಲಾ, ಒಂದು ದಿನ ಪೂರ್ತಿ ಸುಮ್ಮನಿದ್ದೆ. ಆ ಮೇಜು ಬಿಡಲು ನನಗೆ ಮನಸ್ಸಿಲ್ಲ, ತಂಗಿ. ಆದರೆ ಮರುದಿನ ಚೂಟಿ ಹನಿ ಇಡುತ್ತಾ, ನನ್ನನ್ನು ಮೆಚ್ಚಿಸಲಿಕ್ಕೆ, ಕಷ್ಟಪಟ್ಟು ಬೆರಳು ಹಿಂದೆ ತಂದು ತಂದು ಒತ್ತುವುದನ್ನು ನೋಡಿದೆ. ಅವಳಿಗೆ ನೋವಿಲ್ಲ. ನನ್ನ ನೋವನ್ನು ಅವಳು ಅಭ್ಯಾಸ ಮಾಡುತ್ತಿದ್ದಳು. ಅಲ್ಲಿಂದ ಸೀದಾ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ.

ಅವರು ಹಳೆಯ ಸ್ಯಾಂಪಲ್ ಕೆಲವನ್ನು ಮತ್ತೆ ಮಾಡಿಸಿದರು. ಗೆರೆ ತುಸು ತಡವಾಗಿರುವುದು ಬಿಟ್ಟರೆ ಯಾವ ರೋಗಿಯ ಫಲಿತಾಂಶವೂ ಬದಲಾಗಿಲ್ಲ. ಆ ಒಂದು ಮಾತಿನಿಂದ ನಾನು ಉಸಿರಾಡುತ್ತಿದ್ದೇನೆ. ಕೊಕ್ಕರೆಯ ಪಾಸ್ ರದ್ದು. ಮೇ ಮೂವತ್ತಕ್ಕೆ ಮತ್ತೆ ಪರೀಕ್ಷೆ, ಈ ಸಲ ತಕ್ಕಡಿ ಮತ್ತು ಚೂಟಿಯ ಕೈ ಅಳತೆಗೋಲು. ಆಗದಿದ್ದರೆ ಜೂನ್ ಒಂದಕ್ಕೆ ನಾನು ಕೌಂಟರಿನಲ್ಲಿ.

ಆ ನಿಲ್ಲುವುದನ್ನು ತೆಗೆದುಹಾಕು.

ಅಕ್ಕ

೨೪ ಮೇ

ಅಕ್ಕಾ,

ತೆಗೆದೆ.

ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ನಿನ್ನ ಬೆರಳು ಎಷ್ಟು ಮೇಲೆ ಬಂತು, ಎಷ್ಟು ಹೊತ್ತು ನಿಂತಿತು, ಎಲ್ಲ ಅಳೆದೆ. ನಿನಗೆ ನೋಯುತ್ತಿದೆ ಅಂತ ಒಂದು ಸಲವೂ ಹೊಳೆಯಲಿಲ್ಲ. ನಿನ್ನ ಬೆರಳಿನ ನೋವು ಬಿಡಿಸಲಿಕ್ಕೆ ಅಂತಲೇ ಹೊರಟವಳು ಅದನ್ನು ನಾಜೂಕಾಗಿ ಮೆಷಿನ್ನಿಗೆ ಕಲಿಸಿಬಿಟ್ಟೆ. ನಿನ್ನ ಕಾಗದ ಓದಿ ಅತ್ತೆ. ಅಮ್ಮನೂ ಅತ್ತಳು. ಆಮೇಲೆ ಅಮ್ಮ ಕಣ್ಣೊರೆಸಿಕೊಂಡು, "ಅಳೋದು ಆಮೇಲೆ ಅಳೋಣ, ಮೂವತ್ತಕ್ಕೆ ಎಷ್ಟು ದಿನ ಇದೆ?" ಅಂದಳು.

ಮೆಡಿಕಲ್ ಶಾಪಿನಿಂದ ಗ್ಲಿಸರಿನ್ ತಂದೆ. ಅದೂ ಮಂದ, ಅದೂ ಹಟಮಾರಿ. ನಿನಗೆ ಹೇಳಿರಲಿಲ್ಲ, ವರ್ಕ್‌ಶಾಪಿನಲ್ಲಿ ಹಳೆಯ ಬಿಡಿಭಾಗ ಸೇರಿಸಿ ಎರಡನೆಯ ಕೊಕ್ಕರೆಯೊಂದನ್ನು ಅರ್ಧ ಜೋಡಿಸಿಟ್ಟಿದ್ದೆ, ಅದನ್ನು ಮುಗಿಸಿ ಅದರಲ್ಲೇ ಪ್ರಯೋಗ ಮಾಡುತ್ತಿದ್ದೇನೆ. ಬೆರಳು ಹಿಂದೆ ಬರುವುದನ್ನು ತೆಗೆದ ಕೂಡಲೇ ಗುಳ್ಳೆ ಮಾಯ! ಆದರೂ ಹನಿ ಸ್ವಲ್ಪ ಕಡಿಮೆ. ಸೀದಾ ಹೋದರೆ ಟಿಪ್ಪಿನ ಗೋಡೆಗೆ ಅಂಟಿದ್ದು ಇಳಿಯಲು ಸಮಯ ಸಾಲದು. ಮೊದಲ ತಡೆಯಲ್ಲಿ ಅಲ್ಲಾಡದೆ ಕಾದು, ಆಮೇಲೆ ಒಂದೇ ಒತ್ತು, ಆಮೇಲೆ ನಿಧಾನಕ್ಕೆ ಮೂತಿ ಎತ್ತುವುದು. ಹೀಗೆ ಮಾಡಿದ ಮೇಲೆ ತೂಕ ಬಂತು ಅಕ್ಕಾ. ಹತ್ತಕ್ಕೆ ಹತ್ತೂ ಬಂತು! ಮಾಲೀಕರು ಈ ಸಲ ಮೇನ್ ಸ್ವಿಚ್ ಕಡೆ ಹೋಗಲಿಲ್ಲ, ನನ್ನ ಜೊತೆ ಅವರೂ ಕೂಗಿದರು.

ಹೊಸ ಪ್ರೋಗ್ರಾಂ ಇದರ ಜೊತೆಗಿರುವ ಮೆಮೊರಿ ಚಿಪ್‌ನಲ್ಲಿದೆ, ನಿನ್ನ ಕೊಕ್ಕರೆಗೆ ಸಿಕ್ಕಿಸು. ಗ್ಲಿಸರಿನ್ ಬೇರೆ, ನಿನ್ನ ಎನ್‌ಜೈಮ್ ಬೇರೆ ಅಂತ ನನಗೆ ಗೊತ್ತು. ಮೂವತ್ತರವರೆಗೆ ನೀನು ಪಿಪೆಟ್ ಮುಟ್ಟಬೇಡ. ಆಣೆ ಇಟ್ಟಿದ್ದೇನೆ.

ನಿನ್ನ,
ತರಲೆ

೩೦ ಮೇ

ನನ್ನ ತರಲೇ,

ಚೂಟಿಯ ಕೈಲಿ ಈ ಕಾಗದ ಈಗಲೇ ಅಂಚೆಗೆ ಹಾಕಿಸುತ್ತೇನೆ, ಅಕ್ಷರ ಕೆಟ್ಟಿದ್ದರೆ ಓದಿಕೊ.

ಬೆಳಿಗ್ಗೆ ಮೊದಲು ಚೂಟಿಗೆ ಎಲ್ಲರ ಎದುರೇ ಹೇಳಿದೆ: "ನಿನ್ನ ಕೈ ಸರಿ ಇತ್ತು, ನನ್ನ ಕೈ ತಪ್ಪಿತ್ತು. ಬೈದಿದ್ದು ನಂದೇ ತಪ್ಪು ಕಣಮ್ಮ. ಇವತ್ತು ನೀನು ನಿನ್ನ ಹಾಗೇ ಒತ್ತು." ಹುಡುಗಿ ಕೆಂಪಾಗಿಹೋದಳು. ಆದರೆ ಸಾಲನ್ನು ಮಾತ್ರ ಅಚ್ಚುಕಟ್ಟಾಗಿ ಇಟ್ಟಳು. ಆಮೇಲೆ ಕೊಕ್ಕರೆಯ ಸರದಿ. ನಾನು ಟಿಪ್ ಡಬ್ಬಿ ಜೋಡಿಸಿ, ಎನ್‌ಜೈಮನ್ನು ಐಸಿನ ಮೇಲಿಟ್ಟು, ಗುಂಡಿಯನ್ನು ತೋರುಬೆರಳಿನಿಂದ ಒತ್ತಿದೆ. ಮೇಡಂ ನನ್ನ ಹಿಂದೆಯೇ ನಿಂತಿದ್ದರು.

ಮೂತಿ ಇಳಿಯಿತು. ಹನಿ ಇಳಿಯುತ್ತಾ ಬಂತು. ಆ ಜಾಗ ಹತ್ತಿರ ಬಂದಾಗ ನನ್ನ ಬೆರಳು ಅಭ್ಯಾಸಬಲದಿಂದ ಮುದುರಿಕೊಂಡಿತು. ಕೊಕ್ಕರೆ ಅಲ್ಲಾಡದೆ ಕಾಯಿತು, ಆಮೇಲೆ ಹೆದರದೆ, ಹಿಂದೆ ಬರದೆ, ಒಂದೇ ಸಲಕ್ಕೆ ಒತ್ತಿ ಮುಗಿಸಿತು. ಮುಂದಿನ ಕುಳಿಯಲ್ಲೂ ಹಾಗೆಯೇ. ಸಾಲು ಮುಗಿಯುವ ಹೊತ್ತಿಗೆ ನನ್ನ ಬೆರಳು ಮುದುರುವುದನ್ನು ಬಿಟ್ಟಿತ್ತು.

ತಕ್ಕಡಿ ಸರಿ ಅಂತು. ಆದರೆ ಗೆರೆ ಏಳುವವರೆಗೆ ನನ್ನ ಜೀವ ನನ್ನ ಹತ್ತಿರ ಇರಲಿಲ್ಲ. ಎದ್ದವು ಕಣೇ! ಚೂಟಿಯವೂ ಕೊಕ್ಕರೆಯವೂ ಒಟ್ಟಿಗೆ ಎದ್ದವು, ಎಲ್ಲಿ ಏಳಬೇಕೋ ಅಲ್ಲೇ ಎದ್ದವು. ಚೂಟಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಕುಣಿಯಲ್ಲ ಅಂತ ಬರೆದಿದ್ದೆಯಲ್ಲ, ನಿನ್ನ ಮಾತು ಸುಳ್ಳಾಯಿತು, ಕುಣಿದೆ.

ಗಲಾಟೆ ಎಲ್ಲ ಇಳಿದ ಮೇಲೆ ನನಗೆ ಒಂದು ಯೋಚನೆ ಬಂತು. ಗುಂಡಿ ಒತ್ತಲು ಯಾರಾದರೂ ಆಗುತ್ತದೆ, ಇನ್ನು ನಾನ್ಯಾಕೆ? ಅದನ್ನೇ ಮೇಡಂ ಹತ್ತಿರ ಕೇಳಿಬಿಟ್ಟೆ. ಅವರು, "ತನ್ನ ಹನಿ ಕಡಿಮೆ ಇದೆ ಅಂತ ಬಂದು ಹೇಳೋ ಮೆಷಿನ್ನನ್ನ ಯಾರೂ ಇನ್ನೂ ಮಾಡಿಲ್ಲ. ಅದನ್ನ ಹೇಳೋರು ಆ ಮೇಜಲ್ಲಿ ಇರ್ಬೇಕು" ಅಂದು ನನ್ನ ಕುರ್ಚಿಯನ್ನು ತಾವೇ ಎಳೆದು ಕೊಕ್ಕರೆಯ ಪಕ್ಕಕ್ಕೆ ಹಾಕಿದರು. ನಾನು ಎಲ್ಲರ ಮುಂದೆ ಅತ್ತೆ, ನಾಚಿಕೆ ಆಗಲಿಲ್ಲ.

ನಾಡಿದ್ದು ಜೂನ್ ಒಂದು. ಅವತ್ತು ಬೇರೊಂದು ಪರೀಕ್ಷೆ ಇದೆ, ಅದರ ದ್ರವ ಇದಕ್ಕಿಂತ ಮಂದ. ಬೆಳಿಗ್ಗೆ ಬೇಗ ಹೋಗಿ ಕೊಕ್ಕರೆಗೆ ಅದನ್ನು ಹೇಳಿಕೊಡಬೇಕು.

ಅಮ್ಮನಿಗೆ ನೀನೇ ಮೊದಲು ಹೇಳು,
ಅಕ್ಕ